ಅಕ್ಕ, ಸೂಜಿ, ಗಾಜು, ಟೋಪಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತಾರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಜವಾನನೂ ಮೊದಲ ದಿನವೇ "ಅಕ್ಕ, ನಿಮ್ಮ ಸ್ಟೂಲು ಇಲ್ಲಿ" ಎಂದ. ಅಲ್ಲಿಂದಾಚೆಗೆ ಆ ಹೆಸರು ಅಂಟಿಕೊಂಡಿತು. ಯಾರ ಅಕ್ಕ ಎಂದು ಕೇಳಿದವರಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಒಬ್ಬ ತಮ್ಮನಿದ್ದ, ಒಬ್ಬ ತಾಯಿ ಇದ್ದರು. ತಂದೆ ಅವಳ ಹನ್ನೊಂದನೆಯ ವಯಸ್ಸಿಗೇ ತೀರಿಕೊಂಡಿದ್ದರು. ಮದುವೆಯ ಮಾತು ಎರಡು ಸಲ ಬಾಗಿಲವರೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ವಾಪಸು ಹೋಗಿತ್ತು. ತಮ್ಮನಿಗೆ ಕೆಲಸ ಸಿಕ್ಕಿತು, ಅವನ ಮದುವೆಯಾಯಿತು, ಒಂಬತ್ತು ಗಂಟೆ ಪ್ರಯಾಣದ ದೂರದಲ್ಲಿ ಅವನ ಸಂಸಾರ ಬೇರೂರಿತು. ಮೊದಲ ಮಹಡಿಯ ಎರಡು ಕೋಣೆಗಳಲ್ಲಿ ಅವಳು ಮತ್ತು ಅಮ್ಮ ಉಳಿದರು.

ಅವಳ ಕೆಲಸ ಏನೆಂದು ಹೊರಗಿನವರಿಗೆ ಬಿಡಿಸಿ ಹೇಳುವುದು ಸುಲಭವಿರಲಿಲ್ಲ. "ಮೀನಿನ ಮಿದುಳಲ್ಲಿ ಬರೆದಿರೋದನ್ನ ಓದ್ತೀನಿ" ಎಂದು ತಮ್ಮನಿಗೆ ಒಮ್ಮೆ ಹೇಳಿದ್ದಳು. "ಏನಂತೆ ಅದರ ಸಮಾಚಾರ?" ಎಂದು ಅವನು ನಕ್ಕಿದ್ದ. ಆದರೆ ಅವಳು ಹೇಳಿದ್ದು ತಮಾಷೆಯ ಮಾತಲ್ಲ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದ ಮೀನಿನ ಮಿದುಳಿನಿಂದ ಅಲ್ಲಿಯ ಪ್ರೊಫೆಸರು, ಅಂದರೆ ಎಲ್ಲರ ಬಾಯಲ್ಲಿ 'ಮೇಡಂ', ಒಂದೊಂದೇ ಜೀನನ್ನು ಬೇರ್ಪಡಿಸಿ ಕೊಡುತ್ತಿದ್ದರು. ಜೀನು ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಸಾಲು: ಎ, ಸಿ, ಜಿ, ಟಿ. ಆ ಸಾಲನ್ನು ಚೂರು ಚೂರು ಮಾಡಿ, ಎರಡು ಗಾಜಿನ ಹಲಗೆಗಳ ನಡುವೆ ಕಾಗದದಷ್ಟು ತೆಳ್ಳಗೆ ಎರೆದ ಅಂಟಿನಲ್ಲಿ ವಿದ್ಯುತ್ತು ಹಾಯಿಸಿ ಓಡಿಸಬೇಕು. ಚಿಕ್ಕ ಚೂರು ಮುಂದೆ, ದೊಡ್ಡ ಚೂರು ಹಿಂದೆ. ಆಮೇಲೆ ಅದರ ಮೇಲೆ ಎಕ್ಸ್‌ರೇ ಫಿಲ್ಮು ಕವುಚಿ, ಮೂರು ದಿನ ಫ್ರೀಜರಿನಲ್ಲಿಟ್ಟು ತೊಳೆದರೆ, ಅಕ್ಷರಕ್ಕೊಂದರಂತೆ ನಾಲ್ಕು ಓಣಿಗಳಲ್ಲಿ ಏಣಿಯ ಮೆಟ್ಟಿಲುಗಳಂತೆ ಕಪ್ಪು ಗೆರೆಗಳು ಮೂಡುತ್ತವೆ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆರೆ ಓದುತ್ತ ಹೋಗಬೇಕು. ಒಳ್ಳೆಯ ಫಿಲ್ಮಿನಲ್ಲಿ ಮುನ್ನೂರು ಅಕ್ಷರ ಸಿಕ್ಕರೆ ಅದೃಷ್ಟ.

ಅವಳ ಕಣ್ಣು ಅದಕ್ಕೆಂದೇ ಮಾಡಿದ ಹಾಗಿತ್ತು. ಬೇರೆಯವರು ಮಸಿ ಕಲೆ ಎಂದು ಬಿಟ್ಟದ್ದರಲ್ಲಿ ಅವಳಿಗೆ ಎರಡು ಗೆರೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಒಂದೇ ತೊಂದರೆ: ಓದಿ ಬರೆಯಲು ತಲೆ ತಗ್ಗಿಸಿದರೆ, ಮತ್ತೆ ತಲೆ ಎತ್ತುವಷ್ಟರಲ್ಲಿ ಎಲ್ಲಿದ್ದೆ ಎಂಬುದು ತಪ್ಪಿಹೋಗುತ್ತಿತ್ತು. ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು. ಆಡಳಿತ ಕಚೇರಿಯಲ್ಲಿ ದಾಖಲೆ ವಿಭಾಗವನ್ನು ಮುಚ್ಚಿದಾಗ ಹೆಚ್ಚುವರಿಯಾಗಿ ಉಳಿದ ಗುಮಾಸ್ತರೊಬ್ಬರನ್ನು ಮೇಡಂ ಕೇಳಿ ತರಿಸಿಕೊಂಡರು.

ಗುಮಾಸ್ತರಿಗೆ ಅವಳಿಗಿಂತ ಹದಿನಾಲ್ಕು ವರ್ಷ ಹೆಚ್ಚು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳು ಮಗಳು ಓದುತ್ತಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಎಡಗಿವಿ ಚಿಕ್ಕಂದಿನಿಂದಲೇ ಕೇಳುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬಂದ ದಿನವೇ ಕುರ್ಚಿಯನ್ನು ಎಳೆದು, ಬಲಗಿವಿ ಅವಳ ಕಡೆ ಬರುವಂತೆ ಹಾಕಿಕೊಂಡು ಕೂತರು. ಮೊದಲ ವಾರ ಇಬ್ಬರೂ ಸೇರಿ ಎರಡು ಸಾವಿರ ಅಕ್ಷರ ಮುಗಿಸಿದರು. ಮರುಪರಿಶೀಲನೆಯಲ್ಲಿ ಮೂವತ್ತೊಂದು ತಪ್ಪು ಸಿಕ್ಕವು.

"ತಪ್ಪು ತಿಳ್ಕೋಬೇಡಿ" ಎಂದರು ಗುಮಾಸ್ತರು, ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿ. "ನನಗೆ ಒಂದೇ ಕಿವಿ. ಸಿ, ಜಿ, ಟಿ ಮೂರೂ ಒಂದೇ ಥರ ಬಂದು ಬೀಳುತ್ತೆ. ಬೇರೆ ಹೆಸರು ಇಟ್ಕೊಳ್ಳೋಣವಾ?"

"ಏನಂತ?"

ಅವರು ಕೋಣೆಯನ್ನು ಸುತ್ತ ನೋಡಿದರು. ಮೇಜಿನ ಮೇಲೆ ಸಿರಿಂಜಿನ ಸೂಜಿಗಳ ಡಬ್ಬಿ, ಗೋಡೆಗೆ ಒರಗಿಸಿದ್ದ ಗಾಜಿನ ಹಲಗೆಗಳು, ಮೊಳೆಗೆ ತೂಗುಹಾಕಿದ್ದ ಅವರದೇ ಉಣ್ಣೆಯ ಟೋಪಿ. "ಸಿ ಅಂದ್ರೆ ಸೂಜಿ. ಜಿ ಅಂದ್ರೆ ಗಾಜು. ಟಿ ಅಂದ್ರೆ ಟೋಪಿ."

"ಎ ಗೆ?"

ಎ ಗೆ ಕೋಣೆಯಲ್ಲಿ ಏನೂ ಸಿಗಲಿಲ್ಲ. "ಎ ಅಂದ್ರೆ ಅಕ್ಕ ಅಂತಿರಲಿ. ಹೇಗೂ ಇಲ್ಲೇ ಕೂತಿದ್ದೀರಲ್ಲ."

ಹಾಗೆ ಶುರುವಾದದ್ದು ಹನ್ನೆರಡು ವರ್ಷ ನಡೆಯಿತು. ಮಧ್ಯಾಹ್ನ ಎರಡಕ್ಕೆ ಪರದೆ ಎಳೆದು, ದೀಪದ ಪೆಟ್ಟಿಗೆ ಹಚ್ಚಿ, ಅವಳು ಅಡ್ಡಪಟ್ಟಿ ಹಿಡಿದು ಓದುತ್ತಿದ್ದಳು. ಅವರು ಬರೆಯುತ್ತಿದ್ದರು. ಕಾರಿಡಾರಿನಲ್ಲಿ ಹಾಯುವ ವಿದ್ಯಾರ್ಥಿಗಳಿಗೆ ಬಾಗಿಲಾಚೆಯಿಂದ "ಟೋಪಿ, ಟೋಪಿ, ಗಾಜು, ಅಕ್ಕ, ಟೋಪಿ" ಎಂದು ಕೇಳಿದರೆ ನಗು ತಡೆಯುತ್ತಿರಲಿಲ್ಲ. "ಇಷ್ಟೊಂದು ಟೋಪಿ ಯಾರಿಗೆ ಹಾಕ್ತಾ ಇದ್ದಾರೋ" ಎಂದು ಒಬ್ಬ ಅಂದದ್ದು ಊಟದ ಕೋಣೆಯವರೆಗೂ ಹೋಯಿತು. ತಪ್ಪುಗಳು ಮಾತ್ರ ಸಾವಿರಕ್ಕೆ ಒಂದಕ್ಕೆ ಇಳಿದವು.

ಆದರೆ ಗುಮಾಸ್ತರಿಗೆ ಒಂದು ಪೇಚಾಯಿತು. ಓದುವ ನಡುವೆ "ಅಕ್ಕ, ಸ್ವಲ್ಪ ನಿಧಾನ" ಎಂದರೆ ಅವರ ಕೈ ತಾನೇ ಒಂದು ಎ ಬರೆದುಬಿಡುತ್ತಿತ್ತು. ಎರಡು ಸಲ ಹಾಗಾದ ಮೇಲೆ ಅವರು ಅವಳನ್ನು ಅಕ್ಕ ಎನ್ನುವುದನ್ನೇ ಬಿಟ್ಟರು. ಹೆಸರು ಹಿಡಿದು ಕರೆಯುವುದು ಅವರಿಂದಾಗದು. ಆದ್ದರಿಂದ "ಇವ್ರೇ, ಸ್ವಲ್ಪ ನಿಧಾನ", "ನೋಡಿ ಇವ್ರೇ, ಆ ಸಾಲು ಇನ್ನೊಂದು ಸಲ". ಇಡೀ ಕಟ್ಟಡದಲ್ಲಿ ಅವಳನ್ನು ಅಕ್ಕ ಎನ್ನದ ಒಬ್ಬರೇ ಒಬ್ಬರು ಅವರಾದರು. ಅದು ಅವಳ ಗಮನಕ್ಕೆ ಬರಲು ಒಂದು ವರ್ಷ ಹಿಡಿಯಿತು. ಬಂದ ಮೇಲೆ ಅವಳು ಅದನ್ನು ಯಾರ ಹತ್ತಿರವೂ ಆಡಲಿಲ್ಲ, ತನ್ನ ಹತ್ತಿರವೂ ಹೆಚ್ಚು ಆಡಿಕೊಳ್ಳಲಿಲ್ಲ.

ಅವರು ಓದುತ್ತಿದ್ದುದು ನೋವಿನ ಜೀನುಗಳನ್ನು. ಸರಿಯಾಗಿ ಹೇಳಬೇಕೆಂದರೆ, ನೋವನ್ನು ತಗ್ಗಿಸುವ, ಮೈ ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ಪದಾರ್ಥಗಳ ಜೀನುಗಳನ್ನು. ಮೇಡಂ ಒಮ್ಮೆ ಚಹಾ ಕುಡಿಯುತ್ತ ಇಬ್ಬರಿಗೂ ವಿವರಿಸಿದ್ದರು.

"ಒಬ್ಬಳು ತಾಯಿ ಅಂತಿಟ್ಕೊಳ್ಳಿ. ನಲವತ್ತೈದು ಐವತ್ತು ಕೋಟಿ ವರ್ಷದ ಹಿಂದೆ, ಪ್ರಾಣಿಗಳಿಗೆ ಇನ್ನೂ ದವಡೆ ಮೂಡೋ ಮೊದಲು, ಅವುಗಳ ಮೈಯಲ್ಲಿದ್ದ ಬರಹವೆಲ್ಲ ಒಂದು ಸಲ ಪೂರ್ತಿ ನಕಲಾಯ್ತು. ಒಂದಿದ್ದದ್ದು ಎರಡು. ಆಮೇಲೆ ಇನ್ನೊಂದು ಸಲ. ಎರಡಿದ್ದದ್ದು ನಾಲ್ಕು. ಅದಕ್ಕೇ ಶಾರ್ಕಿನಿಂದ ಹಿಡಿದು ನಮ್ಮ ನಿಮ್ಮವರೆಗೆ, ದವಡೆ ಇರೋ ಜಾತಿಗೆಲ್ಲ ಈ ನಾಲ್ಕು ಜನ ಅಕ್ಕತಂಗಿಯರು."

"ನಾಲ್ಕೂ ಒಂದೇ ಕೆಲಸ ಮಾಡ್ತಾವಾ?" ಎಂದು ಕೇಳಿದಳು.

"ಒಂದೇ ಮನೇಲಿ ಹುಟ್ಟಿದೋರು ಒಂದೇ ಥರ ಇರ್ತಾರಾ? ಮೊದಲ ಮೂವರ ಮುಖದಲ್ಲಿ ಹೋಲಿಕೆ ಇದೆ. ನಾಲ್ಕನೆಯವಳು ಸ್ವಲ್ಪ ಬೇರೆ. ಉಳಿದ ಮೂವರು ತೆರೆಯೋ ಬೀಗ ಅಫೀಮಿಗೂ ತೆರೆಯುತ್ತೆ, ಅವಳದು ತೆರೆಯಲ್ಲ. ನೋವಿನ ವಿಷಯದಲ್ಲೂ ಅವಳದು ಒಮ್ಮೊಮ್ಮೆ ಅಡ್ಡಮಾತೇ."

ಹೋಲಿಕೆ ಎಂದರೇನೆಂದು ಅವಳಿಗೆ ಬೇಗನೆ ಕಿವಿಯಲ್ಲೇ ಗೊತ್ತಾಗತೊಡಗಿತು. ಆ ಮೂರೂ ಜೀನುಗಳಲ್ಲಿ, ಯಾವ ಮೀನಿನದೇ ಇರಲಿ, ನಡುನಡುವೆ ಒಂದೇ ರಾಗದ ಚರಣ ಬರುತ್ತಿತ್ತು: "ಟೋಪಿ ಅಕ್ಕ ಸೂಜಿ, ಗಾಜು ಗಾಜು ಸೂಜಿ, ಗಾಜು ಗಾಜು ಟೋಪಿ, ಟೋಪಿ ಟೋಪಿ ಸೂಜಿ." ಮೂರು ಮೂರರ ಕೊನೆಯ ಅಕ್ಷರಗಳು ಅಲ್ಲಲ್ಲಿ ಬದಲಾಗುತ್ತಿದ್ದವು, ಚರಣ ಬದಲಾಗುತ್ತಿರಲಿಲ್ಲ. ಅದು ಬಂದಾಗ ಗುಮಾಸ್ತರು ತಲೆ ಎತ್ತದೆ "ಬಂತು" ಎನ್ನುತ್ತಿದ್ದರು. ಅವಳೂ "ಹ್ಞೂಂ, ಬಂತು" ಎನ್ನುತ್ತಿದ್ದಳು. ಅವರಿಬ್ಬರ ಸ್ವಂತ ಮಾತುಕತೆ ಎಂದರೆ ಹೆಚ್ಚುಕಡಿಮೆ ಅಷ್ಟೇ.

ಐದನೆಯ ವರ್ಷ ಅಮ್ಮನ ಬೆನ್ನು ನೋಯತೊಡಗಿತು. ವಯಸ್ಸಿನದು ಎಂದು ಆರು ತಿಂಗಳು ಎಣ್ಣೆ ತಿಕ್ಕಿದರು. ವಯಸ್ಸಿನದಾಗಿರಲಿಲ್ಲ. ಎಲ್ಲಿಯೋ ಹುಟ್ಟಿದ ಗಂಟು ಬೆನ್ನೆಲುಬಿಗೆ ಇಳಿದಿತ್ತು. ಕೊನೆಗೆ ಡಾಕ್ಟರು ಅಳತೆಯ ಚಮಚದ ಜೊತೆಗೆ ಮಾರ್ಫಿನ್ನಿನ ಬಾಟಲಿ ಕೊಟ್ಟು, ನಾಲ್ಕು ಗಂಟೆಗೊಮ್ಮೆ ಎಂದರು. ಅವಳು ಬೆಳಿಗ್ಗೆ ಕೊಟ್ಟು ಬರುತ್ತಿದ್ದಳು. ಹನ್ನೆರಡಕ್ಕೆ ಓಡಿಹೋಗಿ ಕೊಟ್ಟು, ಎರಡಕ್ಕೆ ದೀಪದ ಪೆಟ್ಟಿಗೆಯ ಮುಂದೆ ಮತ್ತೆ ಕೂರುತ್ತಿದ್ದಳು. ನಾಲ್ಕರದ್ದನ್ನು ಮೇಲಿನ ಮನೆಯವರು ಕೊಡುತ್ತಿದ್ದರು.

"ಹೇಗಿದೆಯಮ್ಮ?" ಎಂದು ಒಂದು ಸಂಜೆ ಕೇಳಿದಳು.

"ನೋವಿದೆ ಕಣೇ" ಎಂದರು ಅಮ್ಮ, ಗೋಡೆಯ ಕಡೆ ನೋಡುತ್ತ. "ಆದ್ರೆ ನನ್ನದು ಅನ್ನಿಸ್ತಿಲ್ಲ. ಪಕ್ಕದ ಮನೆಯೋರದ್ದು ಅನ್ನೋ ಹಾಗಿದೆ."

ಮರುದಿನ ಅವಳು ಮೇಡಂ ಕೋಣೆಗೆ ಹೋಗಿ ನಿಂತಳು. ಅಷ್ಟು ವರ್ಷಗಳಲ್ಲಿ ಅವಳು ತಾನಾಗಿ ಹೋಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. "ಮೇಡಂ, ಎಲ್ಲೋ ಹೊಲದಲ್ಲಿ ಬೆಳೆಯೋ ಗಿಡಕ್ಕೆ ನಮ್ಮಮ್ಮನ ನೋವು ಹೇಗೆ ಗೊತ್ತಾಗುತ್ತೆ?"

ಮೇಡಂ ಕನ್ನಡಕ ತೆಗೆದಿಟ್ಟರು. "ಗಿಡಕ್ಕೇನೂ ಗೊತ್ತಿಲ್ಲ. ಬಾಗಿಲು ನಮ್ದು, ಬೀಗ ನಮ್ದು, ಕೀಲಿಯೂ ನಮ್ದೇ. ಆ ಕೀಲೀನೇ ನೀವು ದಿನಾ ಓದ್ತಾ ಇರೋದು. ಗಿಡದ ಹತ್ರ ಇರೋದು ಕಳ್ಳಗೀಲಿ, ಅಕಸ್ಮಾತ್ತಾಗಿ ಹೊಂದಿಕೊಂಡಿದೆ."

"ನಮ್ಮದೇ ಕೀಲಿ ಇದ್ರೆ ಅಮ್ಮನಿಗೆ ಯಾಕೆ ಸಾಲ್ತಾ ಇಲ್ಲ?"

"ಅದು ಸ್ವಲ್ಪ ಹೊತ್ತಿಗೆ ಅಂತ ಇರೋದು" ಎಂದರು ಮೇಡಂ. "ಕಚ್ಚಿಸಿಕೊಂಡ ಮೀನು ತಪ್ಪಿಸಿಕೊಂಡು ಹೋಗೋವಷ್ಟು ಹೊತ್ತಿಗೆ. ತಿಂಗಳುಗಟ್ಟಲೆ ಮಲಗಿರೋರಿಗೆ ಅಂತ ಅಲ್ಲ."

ಅಮ್ಮ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ. ತಮ್ಮ, ತಮ್ಮನ ಹೆಂಡತಿ ಬಂದರು, ನಾಲ್ಕು ದಿನ ಇದ್ದರು. "ನಮ್ಮ ಜೊತೆ ಬಂದ್ಬಿಡು" ಎಂದ ತಮ್ಮ. ಅವನ ಹೆಂಡತಿ ಒಳಗಿನಿಂದ ಬಂದು ಲೋಟ ಎತ್ತಿಕೊಂಡು ಹೋದಳು. ಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದು ಎರಡನೆಯವರು ಹೇಳಲೂ ಇಲ್ಲ. ಅವರು ಹೊರಟ ಮಧ್ಯಾಹ್ನವೇ ಗುಮಾಸ್ತರು ಬಂದರು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲಿನ ಕಟ್ಟೆಯಲ್ಲಿ, ಕೊಡೆಯನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಅರ್ಧ ಗಂಟೆ ಕೂತರು.

"ಊಟ ಮಾಡಿದ್ರಾ?" ಎಂದರು.

"ಆಯ್ತು."

"ಫಿಲ್ಮು ಹಾಗೇ ಇಟ್ಟಿದ್ದೀನಿ. ವಿದ್ಯಾರ್ಥಿಗಳು ಓದ್ತೀವಿ ಅಂದ್ರು, ಕೊಡಲಿಲ್ಲ. ಅವಸರ ಏನಿಲ್ಲ, ಇವ್ರೇ."

ಅವಳು ಅತ್ತದ್ದು ಆಗಲೇ. ಅವರು ಕೊಡೆಯ ಹಿಡಿಯನ್ನು ನೋಡುತ್ತ ಕೂತಿದ್ದರು, ಅವಳು ಮುಖ ಒರೆಸಿಕೊಂಡ ಮೇಲೆ ಎದ್ದು ಹೋದರು.

ಆಮೇಲಿನ ವರ್ಷಗಳು ಒಂದರ ಮೈಗೆ ಒಂದು ಅಂಟಿಕೊಂಡಂತೆ ಕಳೆದವು. ಒಬ್ಬಳಿಗೆ ಅಡುಗೆ ಮಾಡುವುದರಲ್ಲಿ ಅಳತೆ ಎಂದೂ ಸರಿಹೋಗಲಿಲ್ಲ. ನಿನ್ನೆಯದು ಇವತ್ತಿಗೆ, ಇವತ್ತಿನದು ನಾಳೆಗೆ. ಮೇಲಿನ ಮನೆಯವರ ರೇಡಿಯೋದಲ್ಲಿ ವಾರ್ತೆ ಬಂದರೆ ಏಳು ಗಂಟೆ, ಅವರ ಬಾಲ್ದಿ ಸದ್ದಾದರೆ ಬೆಳಗಿನ ಆರು. ಶನಿವಾರ ಸಂಜೆಯಿಂದ ಬಾಯಿ ತೆರೆಯದೆ ಕಳೆದು, ಸೋಮವಾರ ಮಧ್ಯಾಹ್ನ ಎರಡಕ್ಕೆ ಅವಳ ಬಾಯಿಂದ ಬೀಳುವ ಮೊದಲ ಮಾತು "ಗಾಜು" ಆಗಿರುತ್ತಿದ್ದುದೂ ಉಂಟು. ಧ್ವನಿ ಕಟ್ಟಿಕೊಂಡಿರುತ್ತಿತ್ತು. ಗುಮಾಸ್ತರು ನೀರಿನ ಲೋಟವನ್ನು ಅವಳ ಕಡೆ ಸರಿಸುತ್ತಿದ್ದರು. ಹೀಗೇ ಇರಲಿ ಎಂದು ಅವಳು ಬಯಸಿದಳು. ಇದಕ್ಕಿಂತ ಹೆಚ್ಚನ್ನು ಬಯಸುವ ಅಭ್ಯಾಸವೇ ಅವಳಿಗೆ ಇರಲಿಲ್ಲ.

ಗುಮಾಸ್ತರ ಕೊನೆಯ ವರ್ಷ ಆ ಪ್ರಯೋಗಾಲಯಕ್ಕೆ ಒಂದು ಹಳೆಯ ವಂಶದ ಮೀನು ಬಂತು. ಉದ್ದ ಮೂತಿ, ಮೈಮೇಲೆ ಸಾಲಾಗಿ ಎಲುಬಿನ ಬಿಲ್ಲೆಗಳು. ಕೋಟ್ಯಂತರ ವರ್ಷಗಳಿಂದ ಹೆಚ್ಚು ಬದಲಾಗದ ಕುಲವಂತೆ. ಅದರ ನಾಲ್ಕನೆಯ ಜೀನನ್ನು, ಆ ಬೇರೆ ಮುಖದ ತಂಗಿಯನ್ನು, ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಎರಡು ವರ್ಷ ಹೆಣಗಿ ಬೇರ್ಪಡಿಸಿದ್ದಳು. ಬೇರೆ ಪ್ರಾಣಿಗಳಲ್ಲಿ ಈ ಜೀನಿನ ಚರಣ ಬರುವುದು "ಟೋಪಿ ಟೋಪಿ ಸೂಜಿ" ಎಂದು. ಉಳಿದ ಮೂವರದ್ದು "ಟೋಪಿ ಅಕ್ಕ ಸೂಜಿ". ಇರುವ ವ್ಯತ್ಯಾಸ ಒಂದೇ ಅಕ್ಷರ. ನಾಲ್ಕನೆಯವಳ ದಾರಿ ಬೇರೆಯಾದದ್ದರಲ್ಲಿ ಆ ಒಂದು ಅಕ್ಷರದ ಪಾಲೂ ಇತ್ತು.

ಅಂದು ಆ ಜಾಗದಲ್ಲಿ ಫಿಲ್ಮು ಸ್ವಲ್ಪ ಮಾಸಿತ್ತು. ಅವಳು ಬೆನ್ನು ಬಗ್ಗಿಸಿ, ಉಸಿರು ಹಿಡಿದು ನೋಡಿ, "ಟೋಪಿ… ಅಕ್ಕ… ಸೂಜಿ" ಎಂದಳು. ಗುಮಾಸ್ತರ ಪೆನ್ಸಿಲು ಒಂದು ಗಳಿಗೆ ನಿಂತು, ಬರೆಯಿತು.

ಸಂಜೆ ವಿದ್ಯಾರ್ಥಿನಿ ಕಾಗದ ಹಿಡಿದುಕೊಂಡು ಬಂದಳು. ಮೇಡಂ ಕೂಡ ಹಿಂದೆಯೇ ಬಂದರು.

"ಅಕ್ಕ, ಇಲ್ಲಿ ಟಿ ಇರ್ಬೇಕು. ಎ ಬರೆದಿದ್ದೀರಿ."

"ನನಗೆ ಎ ಕಾಣಿಸ್ತು."

"ಬೇಜಾರು ಮಾಡ್ಕೋಬೇಡಿ. ಹನ್ನೆರಡು ವರ್ಷದಿಂದ ಅದೇ ಚರಣ ಹೇಳಿ ಹೇಳಿ ಬಾಯಿಗೆ ತಾನಾಗೇ ಬಂದಿರುತ್ತೆ. ಇಲ್ಲದಿದ್ರೆ ಇವರು ಕೇಳಿಸಿಕೊಂಡದ್ದು ತಪ್ಪಿರುತ್ತೆ. ಇವರಿಗೆ ಒಂದು ಕಿವಿ ಕೇಳಲ್ವಲ್ಲ."

ಕಿವಿಯ ವಿಷಯ ವಿದ್ಯಾರ್ಥಿನಿಗೆ ಹೇಗೆ ತಿಳಿಯಿತೋ. ಗುಮಾಸ್ತರ ಮುಖ ಕಪ್ಪಿಟ್ಟಿತು. ಓದಿದವಳಿಗೆ ತನ್ನ ಮೇಲೇ ಅನುಮಾನ ಬಂತು. ಹಾಡಿನ ಹಾಗೆ ಬಾಯಿಗೆ ಬಂದಿದ್ದರೂ ಬಂದಿರಬಹುದು. "ಇರಬಹುದು" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗುಮಾಸ್ತರು ಎದ್ದು ನಿಂತರು. ಹನ್ನೆರಡು ವರ್ಷದಲ್ಲಿ ಮೇಡಂ ಎದುರು ಅವರು ಧ್ವನಿ ಎತ್ತಿದ್ದು ಅದೊಂದೇ ಸಲ.

"ನನ್ನ ಕಿವಿ ಹಾಳಾಗಿರಬಹುದು, ಮೇಡಂ. ಇವ್ರ ಕಣ್ಣು ಹಾಳಾಗಿಲ್ಲ. ಇವ್ರು ಅಕ್ಕ ಅಂದ್ರೆ ಅದು ಅಕ್ಕಾನೇ. ಬೇಕಾದ್ರೆ ಮತ್ತೆ ಮೊದಲಿಂದ ಮಾಡಿ ನೋಡಿ."

ಮೊದಲಿಂದ ಎಂದರೆ ಬೇರೆ ಮೀನು, ಬೇರೆ ಮಿದುಳು, ಆರು ವಾರದ ಕೆಲಸ. ಮೇಡಂ ಯೋಚಿಸಿ, ಆಗಲಿ ಎಂದರು. ಗುಮಾಸ್ತರ ನಿವೃತ್ತಿಗೆ ಉಳಿದಿದ್ದುದು ಮೂರು ವಾರ.

ನಿವೃತ್ತಿಯ ದಿನ ಚಹಾ ಕೊಟ್ಟರು, ಒಂದು ಗೋಡೆ ಗಡಿಯಾರ ಕೊಟ್ಟರು. ಮಾತಾಡಿ ಎಂದಾಗ ಗುಮಾಸ್ತರು "ಎಲ್ಲರೂ ಚೆನ್ನಾಗಿ ನೋಡಿಕೊಂಡ್ರಿ" ಎಂದು ಕೂತುಬಿಟ್ಟರು. ಆಮೇಲೆ ಓದುವ ಕೋಣೆಗೆ ಬಂದು, ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿಟ್ಟರು. ಒಂದು ಚೀಟಿಯಲ್ಲಿ ಮನೆಯ ವಿಳಾಸ ಬರೆದು ಅವಳ ಮುಂದೆ ಇಟ್ಟರು.

"ಹೊಸ ಫಿಲ್ಮು ಬಂದ್ರೆ ತಿಳಿಸಿ."

"ತಿಳಿಸ್ತೀನಿ."

"ಬರ್ತೀನಿ, ಇವ್ರೇ."

ಹೊರಟವರು ಬರ್ತೀನಿ ಎನ್ನುವುದು ಮಾತಿನ ರೂಢಿ. ಅವಳು ಅದನ್ನು ರೂಢಿಯೆಂದೇ ತೆಗೆದುಕೊಳ್ಳಲು ಪ್ರಯತ್ನಿಸಿದಳು.

ಹೊಸ ಫಿಲ್ಮು ಬಂದದ್ದು ಅದಾದ ಇಪ್ಪತ್ತೆರಡನೆಯ ದಿನ. ಬರೆಯಲು ಬೇರೆ ಯಾರನ್ನೂ ಕೊಟ್ಟಿರಲಿಲ್ಲ. ಅವಳು ಪರದೆ ಎಳೆದು, ಬಾಗಿಲು ಹಾಕಿ, ತಾನೇ ಗಟ್ಟಿಯಾಗಿ ಓದಿ ತಾನೇ ಬರೆದಳು. ತಲೆ ಎತ್ತಿದಾಗಲೆಲ್ಲ ಸಾಲು ತಪ್ಪುತ್ತಿತ್ತು, ಅಡ್ಡಪಟ್ಟಿ ಇಟ್ಟು ಮತ್ತೆ ಹುಡುಕಿಕೊಂಡಳು. ಆ ಜಾಗಕ್ಕೆ ಬಂದಾಗ ಫಿಲ್ಮು ಕನ್ನಡಿಯಷ್ಟು ಶುಭ್ರವಾಗಿತ್ತು. ಟೋಪಿ. ಅಕ್ಕ. ಸೂಜಿ. ಮೂರು ಸಲ ನೋಡಿದಳು. ಅಕ್ಕನೇ. ಖಾಲಿ ಕುರ್ಚಿಯ ಕಡೆ ತಿರುಗಿದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು.

ವಿದ್ಯಾರ್ಥಿನಿ ನೋಡಿದಳು. "ಅಕ್ಕ, ನಾನು ಹಾಗೆ ಮಾತಾಡಬಾರದಿತ್ತು" ಎಂದಳು, ಮನಸ್ಸಿನಿಂದಲೇ. ಮೇಡಂ ಅಂತೂ ಕುಣಿದಾಡಲಿಲ್ಲ ಅಷ್ಟೆ. ಈ ಮೀನಿನಲ್ಲಿ ನಾಲ್ಕನೆಯವಳ ಮುಖ ಇನ್ನೂ ಪೂರ್ತಿ ಬದಲಾಗಿಲ್ಲ ಎಂದರು. ಅವಳೂ ಅದೇ ತಾಯಿಯ ಮಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲವಂತೆ. ಎಲ್ಲರೂ ಮಾತಾಡುತ್ತಿದ್ದರು. ಅವಳು ಫಿಲ್ಮಿನ ಒಂದು ನಕಲು ತೆಗೆಸಿ, ಕಾಗದದಲ್ಲಿ ಸುತ್ತಿಟ್ಟುಕೊಂಡಳು.

ಭಾನುವಾರ ಎರಡು ಬಸ್ಸು ಬದಲಿಸಿ ಹೋದಳು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಬಸ್ಸಿನಲ್ಲಿ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಫಿಲ್ಮಿನ ಮಾತು ಮುಗಿದ ಮೇಲೆ ಇನ್ನೇನಾದರೂ ಹೇಳುವುದಿದೆಯೇ ಎಂದು ಹುಡುಕಿದಳು. ಇದೆ ಅನ್ನಿಸಿತು, ಏನೆಂದು ಮಾತ್ರ ಸ್ಪಷ್ಟವಾಗಲಿಲ್ಲ.

ಬಾಗಿಲು ತೆರೆದದ್ದು ಮಗಳು, ಸೊಂಟದ ಮೇಲೆ ಮಗು. ಗುಮಾಸ್ತರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅವಳನ್ನು ನೋಡಿ ಗಡಬಡಿಸಿ ಎದ್ದರು, ಮೊಗದಲ್ಲಿ ನಗು ಬಂತು. ಬಲಗಿವಿಯೂ ಈಚೆಗೆ ಮಂದವಾಗುತ್ತಿದೆಯಂತೆ, ಮಗಳು ಗಟ್ಟಿಯಾಗಿ ಮಾತಾಡುತ್ತಿದ್ದಳು.

"ಯಾರಪ್ಪಾ ಇವರು?"

ಗುಮಾಸ್ತರು ಒಮ್ಮೆ ಅವಳನ್ನು, ಒಮ್ಮೆ ಮಗಳನ್ನು ನೋಡಿದರು. "ಇವ್ರು…" ಎಂದು ತಡವರಿಸಿದರು. ಆಮೇಲೆ ದಾರಿ ಸಿಕ್ಕವರಂತೆ, "ನಮ್ಮ ಆಫೀಸಿನ ಅಕ್ಕ ಕಣಮ್ಮ. ಎಲ್ಲರಿಗೂ ಅಕ್ಕ. ಬನ್ನಿ ಅಕ್ಕ, ಕೂತ್ಕೊಳ್ಳಿ."

ಅವಳು ಕೂತಳು. ನಕಲನ್ನು ಬಿಚ್ಚಿ ತೋರಿಸಿದಳು. ಗುಮಾಸ್ತರು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಆ ಗೆರೆ ಹುಡುಕಿ, "ನಾನು ಹೇಳಿರಲಿಲ್ವಾ" ಎಂದು ಮಗುವಿನಂತೆ ಖುಷಿಪಟ್ಟರು. ಮಗಳು ಚಹಾ ತಂದಳು. ಏನದು ಎಂದು ಕೇಳಿದಳು. ಅಪ್ಪ ಬಿಡಿಸಿ ಹೇಳಿದರು, ಅವಳು "ಹೌದಾ" ಎಂದು ಮಗುವಿನ ಮೂಗು ಒರೆಸಿದಳು. ಇನ್ನೊಂದು ಗಂಟೆ ಆ ಮಾತು ಈ ಮಾತು ನಡೆಯಿತು. ಮಗಳಿಗೆ ವರ್ಗವಾಗುವ ಸಂಭವವಿದೆ, ಹಾಗಾದರೆ ತಾನೂ ಅವಳೊಡನೆ ಹೋಗುವುದು ಎಂದರು.

ಅವರದು ತಪ್ಪೇನೂ ಇರಲಿಲ್ಲ. ಮಗಳ ಎದುರಿಗೆ ಬೇರೆ ಏನೆಂದು ಹೇಳಿಯಾರು? ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಅದನ್ನೇ ತನಗೆ ಮೂರು ನಾಲ್ಕು ಸಲ ಹೇಳಿಕೊಂಡಳು. ಎರಡನೆಯ ಬಸ್ಸಿಗೆ ಕಾಯದೆ ಅರ್ಧ ದಾರಿ ನಡೆದಳು. ಆಮೇಲೆ ಮತ್ತೆ ಹೋಗಲಿಲ್ಲ. ಒಂದೂವರೆ ವರ್ಷದ ಮೇಲೆ ಹೊಸ ವಿಳಾಸದ ಕಾರ್ಡು ಬಂತು, ಅದೇ ಮುತ್ತಿನಂಥ ಅಕ್ಷರ. ಕ್ಷೇಮವೆಂದು ಅವಳು ಉತ್ತರ ಬರೆದಳು. ಅಲ್ಲಿಂದ ಮತ್ತೆ ಏನೂ ಬರಲಿಲ್ಲ.

ಪ್ರಬಂಧ ಅಚ್ಚಾಯಿತು. ತಲೆಬರಹದ ಕೆಳಗೆ ಮೇಡಂ, ವಿದ್ಯಾರ್ಥಿನಿ ಮತ್ತಿಬ್ಬರ ಹೆಸರು. ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ತಾಂತ್ರಿಕ ನೆರವಿಗೆ ಕೃತಜ್ಞತೆ. ಅಲ್ಲಿ ಅವಳ ಹೆಸರು, ಗುಮಾಸ್ತರ ಹೆಸರು, ನಡುವೆ ಒಂದು 'ಮತ್ತು'. ಅವೆರಡೂ ಹೆಸರು ಒಂದೇ ಸಾಲಿನಲ್ಲಿ ಮುದ್ರಣವಾದದ್ದು ಅದೊಂದೇ ಕಡೆ. ಅವಳು ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಲಿಲ್ಲ. ಗ್ರಂಥಾಲಯದಲ್ಲಿ ಎರಡು ಸಲ ತೆಗೆದು ನೋಡಿದಳು.

ಆಮೇಲೆ ಯಂತ್ರ ಬಂತು. ಬೀರುವಿನಷ್ಟು ದೊಡ್ಡದು, ತಾನೇ ಓದಿ ತಾನೇ ಬರೆದುಕೊಳ್ಳುವಂಥದು. ಅವಳು ಆರು ತಿಂಗಳಲ್ಲಿ ಓದಿದ್ದನ್ನು ಅದು ಒಂದು ರಾತ್ರಿಯಲ್ಲಿ ಮುಗಿಸಿತು. ದೀಪದ ಪೆಟ್ಟಿಗೆಯನ್ನು ಉಗ್ರಾಣಕ್ಕೆ ಹಾಕಿದರು. ಪರದೆಯನ್ನು ಹೊಸ ಜವಾನ ನೆಲ ಒರೆಸಲು ಒಯ್ದ. ಅವಳಿಗೆ ಕೊಳವೆಗಳಿಗೆ ಚೀಟಿ ಅಂಟಿಸುವ, ಮಿದುಳಿನ ತುಣುಕುಗಳನ್ನು ಲೆಕ್ಕವಿಟ್ಟು ಫ್ರೀಜರಿನಲ್ಲಿಡುವ ಕೆಲಸ ಕೊಟ್ಟರು. ಅದನ್ನೂ ಅವಳು ಚೆನ್ನಾಗಿಯೇ ಮಾಡಿದಳು. ಹನ್ನೊಂದು ವರ್ಷ ಮಾಡಿದಳು. ಆ ಹನ್ನೊಂದು ವರ್ಷಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮೇಡಂ ನಿವೃತ್ತರಾದರು, ಹೊಸಬರು ಬಂದರು. ಹೊಸಬರೂ ಅವಳನ್ನು ಅಕ್ಕ ಎಂದೇ ಕರೆದರು.

ಅವಳು ನಿವೃತ್ತಳಾದ ಎರಡನೆಯ ವರ್ಷ, ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬಸ್ ನಿಲ್ದಾಣದ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿತು. ಬಲಗೈ ಊರಿ ಬಿದ್ದಳು. ಎದ್ದು ಕೂತು ನೋಡಿದರೆ, ಮಣಿಕಟ್ಟು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಚಮಚದ ಹಿಡಿ ಬಾಗಿದ ಹಾಗಿತ್ತು. ನೋವಿರಲಿಲ್ಲ. ಒಂದಿಷ್ಟೂ ಇರಲಿಲ್ಲ. ಹೂವಿನಂಗಡಿಯವಳು ಓಡಿಬಂದು "ಅಯ್ಯೋ, ಮುರಿದೇ ಹೋಗಿದೆ, ನೋಯ್ತಾ ಇಲ್ವಾ?" ಎಂದಳು.

"ಇಲ್ಲ" ಎಂದಳು ಅವಳು. "ಆಮೇಲೆ ನೋಯುತ್ತೆ."

ಅದು ಏನೆಂದು ಅವಳಿಗೆ ಗೊತ್ತಿತ್ತು. ಆ ಬೀದಿಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿತು: ನೋಡಿ, ಈಗ ನನ್ನೊಳಗೆ ಅದು ಕೆಲಸ ಮಾಡ್ತಾ ಇದೆ, ಶಾರ್ಕಿನೊಳಗೂ ಇದೇ ಇರೋದು, ನಾನು ಓದಿದ್ದೀನಿ. ಹೂವಿನವಳು ಅವಳ ಚೀಲ ಹಿಡಿದುಕೊಂಡು, ಗಿರಾಕಿ ಬಂದರೆಂದು ಅತ್ತ ನೋಡುತ್ತಿದ್ದಳು. ಅವಳು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು. ಸುಮಾರು ಇಪ್ಪತ್ತು ನಿಮಿಷವಾಗಿರಬೇಕು. ಆಮೇಲೆ ನೋವು ಬಂತು, ಬಂದಾಗ ಪೂರ್ತಿಯಾಗಿ ಬಂತು.

ಆಸ್ಪತ್ರೆಯಲ್ಲಿ ನರ್ಸು ಕಾಗದ ತುಂಬುತ್ತ ಕೇಳಿದಳು, "ಮನೆಯವರಲ್ಲಿ ಯಾರಿಗೆ ತಿಳಿಸಬೇಕು?"

ತಮ್ಮನ ನಂಬರು ಹೇಳಿದಳು.

"ಇದು ಬಹಳ ದೂರದ ಊರಲ್ವಾ? ಹತ್ತಿರದಲ್ಲಿ ಯಾರಿದ್ದಾರೆ?"

"ಹತ್ತಿರದಲ್ಲಿ ಯಾರೂ ಇಲ್ಲ."

ನರ್ಸು ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದಳು.

ಪಟ್ಟಿ ಆರು ವಾರ ಇತ್ತು. ತಮ್ಮ ಫೋನು ಮಾಡಿದ, ಬರುತ್ತೇನೆಂದ, ಬೇಡ ಎಂದಳು, ಸರಿ ಎಂದ. ಎಡಗೈಯಲ್ಲಿ ಅನ್ನ ಕಲಸುವುದನ್ನು, ಚಿಲಕ ಹಾಕುವುದನ್ನು ಕಲಿತಳು. ತಲೆ ಬಾಚಿಕೊಳ್ಳುವುದು ಮಾತ್ರ ಆಗಲಿಲ್ಲ. ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ಹೊಲಿಗೆಯವಳು ಅವಳ ಕೆದರಿದ ತಲೆಯನ್ನು ಮೆಟ್ಟಿಲಲ್ಲಿ ನೋಡಿ, ಕೇಳದೆಯೇ ಮರುದಿನ ಬಾಚಣಿಗೆ ಹಿಡಿದು ಹತ್ತಿಬಂದಳು. ಆಮೇಲೆ ದಿನಾ ಎಂಟು ಗಂಟೆಗೆ, ಹೊಲಿಗೆ ಯಂತ್ರಕ್ಕೆ ಕೂರುವ ಮೊದಲು, ಹತ್ತು ನಿಮಿಷ. ಅವಳ ಬಾಯಲ್ಲಿ ಯಾವಾಗಲೂ ಪಿನ್ನುಗಳು ಇರುತ್ತಿದ್ದರಿಂದ ಮಾತು ಕಡಿಮೆ. ಸಿಕ್ಕು ಬಿಡಿಸುವಾಗ ಕೂದಲ ಬುಡವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು, ಎಳೆತ ತಗಲದ ಹಾಗೆ. ಜಡೆ ಮುಗಿದ ಮೇಲೆ ಹೆಗಲ ಮೇಲಿನ ಕೂದಲನ್ನು ಅಂಗೈಯಿಂದ ಜಾಡಿಸಿ ಹೋಗುತ್ತಿದ್ದಳು.

ಪಟ್ಟಿ ಬಿಚ್ಚಿಸಿಕೊಂಡು ಬಂದಾಗ ಹೊಲಿಗೆಯವಳು ಬಾಗಿಲಲ್ಲಿ ನಿಂತು ಕೈ ತಿರುಗಿಸಿ ನೋಡಿ, "ಚೆನ್ನಾಗಿ ಕೂಡಿದೆ" ಎಂದಳು. ಇನ್ನು ಬಾಚಲು ಬರಬೇಕಾಗಿಲ್ಲ ಎಂದು ಇಬ್ಬರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಪಕ್ಕ ಕುರ್ಚಿ ಹಾಕಿ, ಜಡೆ ಬಿಚ್ಚಿಕೊಂಡು ಕೂತಳು. ಕೆಳಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಎಂಟೂವರೆಯವರೆಗೆ ಕೂತಿದ್ದು, ಆಮೇಲೆ ತಾನೇ ಬಾಚಿಕೊಂಡಳು.